ನೂರು ತುಂಬುವ ಮೊದಲೇ ಬೀಳುವ ಕಟ್ಟಡಗಳು

ಬೇಕಲ ಕೋಟೆಯ ಗೋಡೆಯಿಂದ ಒಂದು ಕೆಂಪುಕಲ್ಲು ಕಿತ್ತರೆ ಕೇಸು ಬೀಳುತ್ತದೆ. ಅದೇ ಕೆಂಪುಕಲ್ಲಿನಲ್ಲಿ 1985ರ ಹೊತ್ತಿಗೆ ಕಟ್ಟಿದ ಒಳ್ಳೆಯ ಕಟ್ಟಡವನ್ನು ಜೆಸಿಬಿ ತಂದು ಬೆಳಿಗ್ಗೆಯಿಂದ ಸಂಜೆಯೊಳಗೆ ನೆಲಸಮ ಮಾಡಿದರೆ ಕೇಳುವವರಿಲ್ಲ. ಕಾಸರಗೋಡಿನವರಿಗೆ ಇದು ಹೊಸ ನೋಟವಲ್ಲ. ತಲಪಾಡಿಯಿಂದ ತೆಂಕಕ್ಕೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುವಾಗ ಎರಡೂ ಬದಿಯ ಅಂಗಡಿ, ಮನೆಗಳು ಸಾಲು ಸಾಲಾಗಿ ಹೋದವು. ಪರಿಹಾರದ ಲೆಕ್ಕ ನಡೆಯಿತು, ರಸ್ತೆ ಬಂತು. ಹೋದ ಕಟ್ಟಡಗಳಲ್ಲಿ ಚೆನ್ನಾಗಿ ಕಟ್ಟಿದ್ದು ಯಾವುದು, ಸುಮ್ನೆ ಎಬ್ಬಿಸಿದ್ದು ಯಾವುದು ಎಂಬ ಮಾತು ಎಲ್ಲಿಯೂ ಬರಲಿಲ್ಲ.

ಇನ್ನೊಂದು ಕಡೆ, ಅಹಮದಾಬಾದಿನ ಒಂದು ಹಾಸ್ಟೆಲ್ ಕೆಡವುತ್ತಾರೆ ಅಂದರೆ ಜಗತ್ತಿನ ಮೂಲೆ ಮೂಲೆಯಿಂದ ವಿರೋಧ ಬರುತ್ತದೆ. ಆ ಹಾಸ್ಟೆಲ್ಲಿಗೆ ಆಗಿರುವುದು ಐವತ್ತು ಚಿಲ್ಲರೆ ವರ್ಷ. ನಮ್ಮಲ್ಲಿ ಅದಕ್ಕಿಂತ ಹಳೆಯ ದನದ ಕೊಟ್ಟಿಗೆಗಳಿವೆ ಅಲ್ವಾ? ಹಾಗಾದರೆ ಯಾಕೆ ಇಷ್ಟು ಗಲಾಟೆ? ಅಷ್ಟು ದೊಡ್ಡ ಕಟ್ಟಡ ಆಗಿದ್ದರೆ ಕೆಡವಲು ಕಾನೂನು ಹೇಗೆ ಬಿಡುತ್ತದೆ? ಅಪಾಯಕಾರಿ ಆಗಿದ್ದರೆ ಉಳಿಸಿ ಅನ್ನುವವರ ವಾದವೇನು? ಸುದ್ದಿ ಓದಿದವರಿಗೆ ಬರುವ ಈ ಗೊಂದಲ ಸಹಜ. ಒಂದೊಂದಾಗಿ ಬಿಡಿಸಿ ನೋಡೋಣ.

ಜಗಳ ಶುರುವಾದದ್ದು ಎಲ್ಲಿ

ಅಹಮದಾಬಾದಿನ ಐಐಎಂ ಕ್ಯಾಂಪಸ್ಸನ್ನು ರೂಪಿಸಿದವರು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್. 1962ರಲ್ಲಿ ಅವರನ್ನು ಕರೆತರುವುದಕ್ಕೆ ಮುಖ್ಯ ಕಾರಣ ನಮ್ಮ ವಾಸ್ತುಶಿಲ್ಪಿ ಬಿ.ವಿ. ದೋಶಿ. ಮುಂದೆ ಬೆಂಗಳೂರಿನ ಐಐಎಂ ಕಟ್ಟಿದ ದೋಶಿ ಇವರೇ. ಕಲ್ಲುಗೋಡೆಯ ಉದ್ದುದ್ದ ಹಜಾರಗಳು, ನಡುನಡುವೆ ಬಳ್ಳಿ, ಬೆಳಕು ಇರುವ ಆ ಕ್ಯಾಂಪಸ್ಸನ್ನು ಕನ್ನಡಿಗರು ಬಲ್ಲರು. ಕಾನ್ ಅವರು ಅಹಮದಾಬಾದಿನಲ್ಲಿ ಅಲ್ಲಿನ ಇಟ್ಟಿಗೆಯನ್ನೇ ಬಳಸಿದರು. ದಪ್ಪ ಗೋಡೆ, ಅದರಲ್ಲಿ ದೊಡ್ಡ ದೊಡ್ಡ ದುಂಡನೆಯ ತೆರಪು, ಒಳಗೆ ನೆರಳು.

2020ರ ಡಿಸೆಂಬರಿನಲ್ಲಿ ಅಲ್ಲಿನ 18 ಹಾಸ್ಟೆಲ್ ಕಟ್ಟಡಗಳಲ್ಲಿ 14ನ್ನು ಕೆಡವುವ ಯೋಚನೆ ಹೊರಬಿತ್ತು. ವಿರೋಧ ಜಾಸ್ತಿ ಆದಾಗ 2021ರ ಜನವರಿ 1ರಂದು ಅದನ್ನು ಹಿಂದಕ್ಕೆ ಪಡೆದರು. ಆದರೆ 2022ರ ನವೆಂಬರಿನಲ್ಲಿ ಸಂಸ್ಥೆ ದುರಸ್ತಿಯ ದಾರಿ ಬಿಟ್ಟು ಹೊಸದಾಗಿ ಕಟ್ಟುವ ದಾರಿ ಹಿಡಿಯುವುದಾಗಿ ಮತ್ತೆ ಹೇಳಿತು. ಸೋಜಿಗದ ಸಂಗತಿಯೆಂದರೆ, ಇದೇ ಕ್ಯಾಂಪಸ್ಸಿನ ಗ್ರಂಥಾಲಯವನ್ನು ಬೃಂದಾ ಸೋಮಯ ಅವರ ಸಂಸ್ಥೆ ದುರಸ್ತಿ ಮಾಡಿತ್ತು. ಆ ಕೆಲಸಕ್ಕೆ 2019ರಲ್ಲಿ ಯುನೆಸ್ಕೋ ಪ್ರಶಸ್ತಿಯೂ ಬಂದಿತ್ತು. ಒಂದೇ ಅಂಗಳದಲ್ಲಿ ಒಂದು ಕಟ್ಟಡ ಉಳಿಯಿತು, ಉಳಿದವುಗಳ ಮೇಲೆ ಕತ್ತಿ ತೂಗಿತು.

ದಿಲ್ಲಿಯ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್‌ಗೆ ಇಷ್ಟು ಕಾಲಾವಕಾಶವೂ ಸಿಗಲಿಲ್ಲ. ಸ್ವಾತಂತ್ರ್ಯದ 25ನೆಯ ವರ್ಷಕ್ಕೆಂದು 1972ರಲ್ಲಿ ಕಟ್ಟಿದ ಸಭಾಂಗಣ ಅದು. ವಾಸ್ತುಶಿಲ್ಪಿ ರಾಜ್ ರೇವಲ್, ಎಂಜಿನಿಯರ್ ಮಹೇಂದ್ರ ರಾಜ್. ಅದನ್ನು ಹೊತ್ತು ನಿಂತದ್ದು ಜಾಲರಿಯಂಥ ಚೌಕಟ್ಟು. ಇಂಥ ಚೌಕಟ್ಟನ್ನು ಬೇರೆ ದೇಶಗಳಲ್ಲಿ ಉಕ್ಕಿನಲ್ಲಿ ಮಾಡುತ್ತಿದ್ದರು. ನಮ್ಮಲ್ಲಿ ಆಗ ಉಕ್ಕು ದುಬಾರಿ, ಕೂಲಿಯಾಳು ಧಾರಾಳ. ಹಾಗಾಗಿ ಅದನ್ನು ಕಾಂಕ್ರೀಟಿನಲ್ಲಿ, ಕೈಯಿಂದಲೇ ಎರಕ ಹೊಯ್ದು ಕಟ್ಟಿದರು. ಬಡ ದೇಶವೊಂದು ತನ್ನ ಕೊರತೆಯನ್ನೇ ಜಾಣ್ಮೆ ಮಾಡಿಕೊಂಡ ಕಟ್ಟಡ ಅದು. 2017ರ ಏಪ್ರಿಲ್ ತಿಂಗಳ ಒಂದು ರಾತ್ರಿ ಅದನ್ನು ಉರುಳಿಸಿದರು. ಈಗ ಆ ಮೈದಾನದಲ್ಲಿ ಭಾರತ ಮಂಟಪ ಇದೆ.

ನಮಗೆ ಇನ್ನೂ ಹತ್ತಿರದ್ದು ಪಣಜಿಯ ಕಲಾ ಅಕಾಡೆಮಿ. ನಮ್ಮದೇ ಹೆದ್ದಾರಿ 66ರಲ್ಲಿ ಬಡಗಕ್ಕೆ ಹೋದರೆ ಸಿಗುವ ಊರು. ಅದೇ ಕಡಲು, ಅದೇ ಮಳೆ. ಮಾಂಡವಿ ನದಿಯ ದಡದಲ್ಲಿ ಚಾರ್ಲ್ಸ್ ಕೊರಿಯಾ ಅದನ್ನು ಕಟ್ಟಿ ಮುಗಿಸಿದ್ದು 1983ರಲ್ಲಿ. ಅಲ್ಲಿ ಕೆಡವುವ ಮಾತು ನಿಂತು ದುರಸ್ತಿ ಶುರುವಾಯಿತು. ಆದರೆ ದುರಸ್ತಿ ನಡೆಯುತ್ತಿದ್ದಾಗಲೇ, 2023ರ ಜುಲೈಯಲ್ಲಿ, ಬಯಲು ರಂಗಮಂದಿರದ ಚಾವಣಿ ಕುಸಿಯಿತು. ಉಳಿಸುತ್ತೇವೆ ಅಂದ ಮಾತ್ರಕ್ಕೆ ಕಟ್ಟಡ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಕಾನೂನು ಕೇಳುವುದು ವಯಸ್ಸನ್ನು

ಬೇಕಲ ಕೋಟೆಗೆ ಇರುವ ಕಾವಲು ಈ ಕಟ್ಟಡಗಳಿಗೆ ಯಾಕಿಲ್ಲ? ಉತ್ತರ ಸರಳ. ಅವಕ್ಕೆ ನೂರು ವರ್ಷ ಆಗಿಲ್ಲ.

ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯಿದೆ 1958ರದ್ದು. ಕೇರಳದ ಇಂಥದ್ದೇ ಕಾಯಿದೆ 1968ರದ್ದು. ಎರಡರಲ್ಲಿಯೂ ಸ್ಮಾರಕ ಅನ್ನಿಸಿಕೊಳ್ಳಲು ಕನಿಷ್ಠ ನೂರು ವರ್ಷ ತುಂಬಿರಬೇಕು. ಕೆಳದಿಯ ಶಿವಪ್ಪ ನಾಯಕನ ಕಾಲದ ಬೇಕಲಕ್ಕೆ ಆ ತೊಡಕಿಲ್ಲ. ಆದರೆ 1972ರ ಕಟ್ಟಡ ಈ ಕಾನೂನಿನ ಬಾಗಿಲಿಗೆ ಬರುವುದು 2072ರಲ್ಲಿ. ಅಲ್ಲಿಯ ತನಕ ಅದು ಬರೀ ಆಸ್ತಿ. ಮಾಲೀಕರ ಮನಸ್ಸಿದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ.

ನಗರಗಳಲ್ಲಿ ಪರಂಪರೆ ಸಮಿತಿಗಳು ಪಟ್ಟಿ ಮಾಡುವ ಇನ್ನೊಂದು ದಾರಿ ಇದೆ. ಅಲ್ಲಿಯೂ ವಯಸ್ಸು ಅಡ್ಡ ಬರುತ್ತದೆ. ದಿಲ್ಲಿಯ 62 ಆಧುನಿಕ ಕಟ್ಟಡಗಳನ್ನು ಪಟ್ಟಿಗೆ ಸೇರಿಸಿ ಎಂದು ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ 2013ರಲ್ಲಿ ಕೇಳಿತ್ತು. ಕನಿಷ್ಠ 60 ವರ್ಷ ಆಗಿರಬೇಕು ಅಂತ ಸಮಿತಿ ಹೇಳಿತು. ಹಾಲ್ ಆಫ್ ನೇಷನ್ಸ್ ಬಿದ್ದಾಗ ಅದಕ್ಕೆ ಆಗಿದ್ದು 45.

ಬೇರೆ ದೇಶಗಳಲ್ಲಿ ಲೆಕ್ಕ ಬೇರೆ. ಅಮೆರಿಕದಲ್ಲಿ ಸಾಮಾನ್ಯವಾಗಿ 50 ವರ್ಷ ಸಾಕು. ಇಂಗ್ಲೆಂಡಿನಲ್ಲಿ 30, ಕಟ್ಟಡ ಅಪರೂಪದ್ದಾದರೆ ಅದಕ್ಕಿಂತಲೂ ಕಡಿಮೆ. ಲಂಡನ್ನಿನ ಲಾಯ್ಡ್ಸ್ ಕಟ್ಟಡ, ರಿಚರ್ಡ್ ರಾಜರ್ಸ್ ಅವರದ್ದು, ಮುಗಿದದ್ದು 1986ರಲ್ಲಿ. 2011ರಲ್ಲಿ ಅದಕ್ಕೆ ಅತ್ಯುನ್ನತ ದರ್ಜೆಯ ರಕ್ಷಣೆ ಸಿಕ್ಕಿತು. ಹಾಗಂತ ಹೊರದೇಶದಲ್ಲಿ ಎಲ್ಲವೂ ಉಳಿಯುತ್ತದೆ ಅಂತಲ್ಲ. ಕಿಶೋ ಕುರೊಕಾವಾ ಅವರ ಟೋಕಿಯೋದ ನಕಾಗಿನ್ ಕ್ಯಾಪ್ಸೂಲ್ ಟವರ್ ಹುಟ್ಟಿದ್ದು ದಿಲ್ಲಿಯ ಸಭಾಂಗಣ ಹುಟ್ಟಿದ ವರ್ಷವೇ. 2022ರಲ್ಲಿ ಅದನ್ನೂ ಬಿಚ್ಚಿದರು.

ವಯಸ್ಸಿನ ಈ ಗೆರೆಗೆ ಒಂದು ತರ್ಕ ಇದೆ. ಕಾಲ ಸೋಸಿದ ಮೇಲೆ ಉಳಿದದ್ದೇ ಬೆಲೆಯುಳ್ಳದ್ದು ಎಂಬ ನಂಬಿಕೆ ಅದು. ಕೆಂಪುಕಲ್ಲಿನ ಕೋಟೆಗೆ ಅದು ಹೊಂದುತ್ತದೆ. ಕಾಂಕ್ರೀಟಿಗೆ ಹೊಂದುವುದಿಲ್ಲ. ಕಾಂಕ್ರೀಟು ಕಟ್ಟಡಕ್ಕೆ ದೊಡ್ಡ ದುರಸ್ತಿ ಬೇಕಾಗುವುದೇ 40–50ನೆಯ ವರ್ಷದಲ್ಲಿ. ಅದನ್ನು ದಾಟಿಸಿದರೆ ಇನ್ನೂ ಹಲವು ದಶಕ ಬಾಳುತ್ತದೆ. ದಾಟಿಸದಿದ್ದರೆ ನೂರು ಕಾಣುವುದಿಲ್ಲ. ಅಂದರೆ ಕಟ್ಟಡಕ್ಕೆ ಅತಿ ಹೆಚ್ಚು ಆರೈಕೆ ಬೇಕಾದ ಹೊತ್ತಿನಲ್ಲಿಯೇ ಕಾನೂನು ಅದರ ಕೈ ಬಿಟ್ಟಿರುತ್ತದೆ. ಈ ಇಡೀ ಜಗಳದ ಬೇರು ಇಲ್ಲಿದೆ ಅಂತ ನನಗೆ ಕಾಣುತ್ತದೆ.

ವಯಸ್ಸಿಲ್ಲದೆ ಉಳಿಯುವ ಇನ್ನೊಂದು ದಾರಿ, ದೊಡ್ಡವರು ಬಾಳಿದ ಮನೆ ಆಗುವುದು. ಮಂಜೇಶ್ವರದ ಗಿಳಿವಿಂಡು ಉಳಿದದ್ದು ಅದು ಗೋವಿಂದ ಪೈಗಳ ಮನೆ ಆದ್ದರಿಂದ. ಅದು ಉಳಿಯಲೇಬೇಕಿತ್ತು. ಆದರೆ ಮೇಸ್ತ್ರಿಯ ಕೆಲಸ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಒಂದು ಮನೆಯನ್ನು ಉಳಿಸುವ ಏರ್ಪಾಡು ನಮ್ಮಲ್ಲಿ ಇಲ್ಲ.

ರೂಪಿಸಿದವರಿಗೆ ಹಕ್ಕಿಲ್ಲವೇ?

ಬರೆದ ಪುಸ್ತಕದ ಮೇಲೆ ಲೇಖಕರಿಗೆ ಹಕ್ಕಿರುವ ಹಾಗೆ, ಕಟ್ಟಡದ ವಿನ್ಯಾಸದ ಮೇಲೆ ವಾಸ್ತುಶಿಲ್ಪಿಗೆ ಹಕ್ಕಿದೆ. 1957ರ ಕಾಪಿರೈಟ್ ಕಾಯಿದೆ ಇದನ್ನು ಒಪ್ಪುತ್ತದೆ. ಅದರ 57ನೆಯ ಕಲಮಿನ ಪ್ರಕಾರ, ತನ್ನ ಕೃತಿಯನ್ನು ಯಾರಾದರೂ ವಿರೂಪ ಮಾಡಿ ತನ್ನ ಹೆಸರಿಗೆ ಕುಂದು ತಂದರೆ ಕೃತಿಕಾರ ಕೋರ್ಟಿಗೆ ಹೋಗಬಹುದು.

ಈ ಕಲಮಿನ ಬಲದಿಂದ ಒಂದು ದೊಡ್ಡ ಗೆಲುವು ಸಿಕ್ಕಿತ್ತು. ಶಿಲ್ಪಿ ಅಮರನಾಥ ಸೆಹಗಲ್ ದಿಲ್ಲಿಯ ವಿಜ್ಞಾನ ಭವನಕ್ಕೆ ಮಾಡಿಕೊಟ್ಟಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. 2005ರಲ್ಲಿ ದಿಲ್ಲಿ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಅಳಿದುಳಿದ ತುಂಡುಗಳನ್ನೂ 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಲು ಹೇಳಿತು.

ರಾಜ್ ರೇವಲ್ ಇದೇ ದಾರಿಯಲ್ಲಿ ಹೋದರು. ಅದೇ ಕೋರ್ಟು 2019ರಲ್ಲಿ ಅವರ ದಾವೆಯನ್ನು ಒಪ್ಪಲಿಲ್ಲ. ಕಟ್ಟಡ ನಿಂತಿರುವುದು ಮಾಲೀಕರ ಜಾಗದಲ್ಲಿ. ಅದನ್ನು ಕೆಡವುವ ಹಕ್ಕು ಅವರಿಗಿದೆ. ಅರ್ಧಂಬರ್ಧ ತಿದ್ದಿ ವಿಕಾರ ಮಾಡಿದರೆ ಹೆಸರಿಗೆ ಕುಂದು ಬರಬಹುದು. ಪೂರ್ತಿ ಇಲ್ಲವಾದ ಮೇಲೆ ನೋಡಲು ಏನೂ ಉಳಿಯುವುದಿಲ್ಲ, ಹಾಗಾಗಿ ಕುಂದು ಬರುವ ಪ್ರಶ್ನೆಯೂ ಇಲ್ಲ ಎಂಬುದು ತೀರ್ಪಿನ ಸಾರ.

ಇದರ ಪರಿಣಾಮ ವಿಚಿತ್ರ. ಕಿಟಕಿ ಬದಲಿಸಿದರೆ ಕೇಸು ಹಾಕಬಹುದು, ಇಡೀ ಕಟ್ಟಡ ಕೆಡವಿದರೆ ಹಾಕುವ ಹಾಗಿಲ್ಲ. ಆಸ್ತಿಯ ಹಕ್ಕನ್ನು ಕಾಯುವ ದೃಷ್ಟಿಯಿಂದ ತೀರ್ಪು ಅರ್ಥವಾಗುತ್ತದೆ. ಮನೆಯೊಡೆಯ ತನ್ನ ಮನೆ ಕೆಡವಲು ಎಂಜಿನಿಯರನ ಅಪ್ಪಣೆ ಕೇಳಬೇಕು ಅಂದರೆ ಯಾರೂ ಒಪ್ಪುವುದಿಲ್ಲ. ಆದರೆ ಜನರ ತೆರಿಗೆಯಿಂದ ಕಟ್ಟಿದ ಕಟ್ಟಡಕ್ಕೂ ಖಾಸಗಿ ಮನೆಗೂ ಒಂದೇ ಅಳತೆ ಸಾಕೇ? ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಶಾಸನ ಮಾಡುವವರು.

ಕಡಲ ಬದಿಯ ಕಾಂಕ್ರೀಟು

ಕೆಡವಬೇಕು ಅನ್ನುವವರ ವಾದವನ್ನು ಹಗುರವಾಗಿ ನೋಡಬಾರದು. ಅದು ನಿಂತಿರುವುದು ತುಕ್ಕಿನ ಮೇಲೆ, ಮತ್ತು ತುಕ್ಕು ನಿಜ.

ಕಾಂಕ್ರೀಟಿನ ಒಳಗೆ ಕಬ್ಬಿಣದ ಸರಳು ಇರುತ್ತದೆ. ಹೊಸ ಕಾಂಕ್ರೀಟು ಕ್ಷಾರ ಗುಣದ್ದು, ಅದು ಸರಳಿಗೆ ಕವಚದ ಹಾಗೆ ಇರುತ್ತದೆ. ವರ್ಷಗಳು ಕಳೆದಂತೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಕ್ಷಾರವನ್ನು ತಗ್ಗಿಸುತ್ತದೆ. ಕಡಲ ಬದಿಯಲ್ಲಿ ಉಪ್ಪಿನ ಗಾಳಿಯೂ ಸೇರುತ್ತದೆ. ಸರಿಯಾಗಿ ತೊಳೆಯದ ಅಳಿವೆ ಮರಳು ಬಳಸಿದ್ದರೆ ಉಪ್ಪು ಮೊದಲ ದಿನದಿಂದಲೇ ಒಳಗಿರುತ್ತದೆ. ಸರಳು ತುಕ್ಕು ಹಿಡಿದರೆ ಮೊದಲಿನದಕ್ಕಿಂತ ಹಲವು ಪಟ್ಟು ಉಬ್ಬುತ್ತದೆ. ಉಬ್ಬಿದಾಗ ಮೇಲಿನ ಕಾಂಕ್ರೀಟು ಸಿಡಿಯುತ್ತದೆ. ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ. ಮತ್ತೆ ತುಕ್ಕು. ಶಾಲೆ, ಕಚೇರಿಗಳ ಸ್ಲ್ಯಾಬಿನಿಂದ ಚಕ್ಕೆ ಬೀಳುವುದು ಹೀಗೆ.

ಕಾನ್ ಅವರ ಇಟ್ಟಿಗೆ ಕಟ್ಟಡಗಳಿಗೂ ತುಕ್ಕು ತಪ್ಪಲಿಲ್ಲ. ಇಟ್ಟಿಗೆಯ ನಡುವೆ ಹುದುಗಿಸಿದ ಸರಳುಗಳು ಉಬ್ಬಿ ಗೋಡೆ ಸೀಳಿದವು. 2001ರ ಜನವರಿ 26ರ ಗುಜರಾತ್ ಭೂಕಂಪದ ಪೆಟ್ಟೂ ಇತ್ತು. ಮಕ್ಕಳು ಮಲಗುವ ಕಟ್ಟಡದ ವಿಷಯದಲ್ಲಿ ಆಡಳಿತ ಹೆದರಿದ್ದು ತಪ್ಪು ಅನ್ನಲಾಗದು.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಇಂಥ ಊರಿಗೆ ಚಪ್ಪಟೆ ತಾರಸಿ ಬಂದದ್ದು 1970ರ ದಶಕದಿಂದ ಈಚೆಗೆ, ಗಲ್ಫಿನ ದುಡ್ಡಿನ ಜೊತೆ. ಹಂಚಿನ ಮಾಡು ಬಡತನದ ಗುರುತಾಯಿತು, ಆರ್‌ಸಿಸಿ ಗೆದ್ದವರ ಗುರುತಾಯಿತು. ಇಪ್ಪತ್ತು ವರ್ಷದಲ್ಲಿ ತಾರಸಿ ಸೋರತೊಡಗಿತು. ಈಗ ಕುಂಬಳೆಯಿಂದ ಕಾಞಂಗಾಡಿನ ತನಕ ಎಲ್ಲಿ ನೋಡಿದರೂ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದ್ದಾರೆ. ಅಂದರೆ ಇಳಿಜಾರು ಮಾಡು ಬಿಟ್ಟವರು ಎರಡು ಸಲ ಖರ್ಚು ಮಾಡಿ ಮತ್ತೆ ಇಳಿಜಾರು ಮಾಡಿಗೇ ಬಂದರು.

1984ರ ಮೇ 24ರಂದು ಕಾಸರಗೋಡು ಜಿಲ್ಲೆ ಆಯಿತು. ಜಿಲ್ಲೆ ಆದ ಮೇಲೆ ಕಚೇರಿಗಳು ಬೇಕಾದವು, ಮುಂದಿನ ವರ್ಷಗಳಲ್ಲಿ ಕಟ್ಟಡಗಳು ಎದ್ದವು. ಅವುಗಳ ವಯಸ್ಸು ಈಗ ನಲವತ್ತರ ಆಚೀಚೆ. ಅಹಮದಾಬಾದಿನ ಪ್ರಶ್ನೆ ಇಲ್ಲಿಗೂ ಬರುವ ಕಾಲ ಹತ್ತಿರವಾಗಿದೆ.

ಬೇಕರ್ ತೋರಿದ ದಾರಿ, ನಮ್ಮೂರಿನ ಹಂಚು

ಇದೇ ಕೇರಳದಲ್ಲಿ, ಇದೇ ವರ್ಷಗಳಲ್ಲಿ, ಬೇರೆ ಥರ ಕಟ್ಟಿದ ಒಬ್ಬರಿದ್ದರು. ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡವರು. ಗಾಂಧೀಜಿಯನ್ನು ಭೇಟಿಯಾದದ್ದು ಅವರ ಬದುಕನ್ನು ತಿರುಗಿಸಿತು. ಹಿಮಾಲಯದ ಪಿಥೋರಾಗಢದಲ್ಲಿ ವರ್ಷಗಟ್ಟಲೆ ಇದ್ದು, ಊರಿನ ಕಲ್ಲು, ಮಣ್ಣು, ಮರದಲ್ಲಿ ಕಟ್ಟುವುದನ್ನು ಹಳ್ಳಿಯ ಜನರಿಂದಲೇ ಕಲಿತರು. 1960ರ ದಶಕದಲ್ಲಿ ಕೇರಳಕ್ಕೆ ಬಂದರು. ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಕ್ಯಾಂಪಸ್ಸು ಅವರ ದೊಡ್ಡ ಕೆಲಸ. ತಂಬಾನೂರಿನಲ್ಲಿ ಸುರುಳಿ ಸುತ್ತಿ ಏರುವ ಇಂಡಿಯನ್ ಕಾಫಿ ಹೌಸ್ ಹೆಚ್ಚು ಜನ ಬಲ್ಲ ಕಟ್ಟಡ.

ಬೇಕರ್ ಗೋಡೆಗೆ ಗಾರೆ ಬಳಿಯುತ್ತಿರಲಿಲ್ಲ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟಿಸುತ್ತಿದ್ದರು. ಇದರಿಂದ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ. ಪೊಳ್ಳಿನಲ್ಲಿ ನಿಂತ ಗಾಳಿ ಬಿಸಿಯನ್ನು ತಡೆಯುತ್ತದೆ. ಕಿಟಕಿಯ ಬದಲು ಇಟ್ಟಿಗೆಯ ಜಾಲಿ. ಮರದ ಚೌಕಟ್ಟಿನ ಖರ್ಚಿಲ್ಲ, ಗಾಳಿ ಸದಾ ಆಡುತ್ತದೆ, ಬೆಳಕು ಚುಕ್ಕಿ ಚುಕ್ಕಿಯಾಗಿ ನೆಲಕ್ಕೆ ಬೀಳುತ್ತದೆ.

ಅವರು ಮಾಡುತ್ತಿದ್ದ ಚಾವಣಿಯ ಸಂಗತಿ ನಮಗೆ ಇನ್ನೂ ಹತ್ತಿರದ್ದು. ಸ್ಲ್ಯಾಬಿನ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಎಳೆತವನ್ನು ತಡೆಯುವುದು ಸರಳು. ಅಲ್ಲಿನ ಕಾಂಕ್ರೀಟು ಸರಳನ್ನು ಹಿಡಿದುಕೊಂಡಿರುತ್ತದೆ ಅಷ್ಟೇ, ಹೆಚ್ಚಿನ ಕೆಲಸ ಮಾಡುವುದಿಲ್ಲ. ಹಾಗಿದ್ದರೆ ಸರಳುಗಳ ನಡುವಿನ ಆ ಜಾಗದಲ್ಲಿ ಅಗ್ಗದ, ಹಗುರವಾದ ಬೇರೇನಾದರೂ ತುಂಬಬಹುದಲ್ಲ? ಬೇಕರ್ ತುಂಬಿಸಿದ್ದು ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಕರಾವಳಿಯ ಉದ್ದಕ್ಕೂ ಹರಡಿದ ಅದೇ ಹಂಚು. ಸಿಮೆಂಟು ಉಳಿಯಿತು, ಸ್ಲ್ಯಾಬು ಹಗುರವಾಯಿತು, ಕೋಣೆ ತಂಪಾಯಿತು. ನಾವು ಕಿತ್ತು ಅಂಗಳದ ಮೂಲೆಯಲ್ಲಿ ರಾಶಿ ಹಾಕಿದ ಹಂಚು ಅವರ ಕೈಯಲ್ಲಿ ಎಂಜಿನಿಯರಿಂಗ್ ಆಯಿತು.

1985ರಲ್ಲಿ ಅವರೂ ಮಾಜಿ ಮುಖ್ಯಮಂತ್ರಿ ಸಿ. ಅಚ್ಯುತ ಮೇನನ್ ಅವರೂ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರೂ ಸೇರಿ ಕಡಿಮೆ ಖರ್ಚಿನಲ್ಲಿ ಕಟ್ಟುವ ಕಾಸ್ಟ್‌ಫೋರ್ಡ್ ಸಂಸ್ಥೆ ಹುಟ್ಟುಹಾಕಿದರು. ಅದೇ ದಶಕದಲ್ಲಿ ಕೊಲ್ಲಂನಲ್ಲಿ ಮೊದಲ ನಿರ್ಮಿತಿ ಕೇಂದ್ರ ಶುರುವಾಗಿ, ಆ ಕಲ್ಪನೆ ದೇಶದ ಉದ್ದಕ್ಕೂ ಹರಡಿತು. ಕರ್ನಾಟಕದ ಜಿಲ್ಲೆಗಳಲ್ಲಿ ಇರುವ ನಿರ್ಮಿತಿ ಕೇಂದ್ರಗಳ ಬೇರು ಇದೇ.

ಕಾಸರಗೋಡಿಗೆ ಇಟ್ಟಿಗೆಗಿಂತ ಕೆಂಪುಕಲ್ಲು ಒಗ್ಗುತ್ತದೆ. ನೆಲದಲ್ಲಿರುವಾಗ ಕತ್ತಿಯಿಂದ ಕೊಯ್ಯುವಷ್ಟು ಮೆದು, ಗಾಳಿಗೆ ಬಂದ ಮೇಲೆ ಗಟ್ಟಿ. ಕೊಯ್ದ ಕಲ್ಲನ್ನು ಗಾರೆ ಮುಚ್ಚದೆ ಸಾಲು ತಪ್ಪದಂತೆ ಕಟ್ಟಬೇಕಾದರೆ ಮೇಸ್ತ್ರಿಯ ಕೈ ಪಳಗಿರಬೇಕು. ಪ್ಲಾಸ್ಟರ್ ಬಂದರೆ ತಪ್ಪು ಮುಚ್ಚುತ್ತದೆ, ಬಾರದಿದ್ದರೆ ಪ್ರತಿ ಸಂದೂ ಕಾಣುತ್ತದೆ. ಈ ಕೆಲಸ ಬಲ್ಲ ಹಳಬರು ಕಡಿಮೆಯಾಗುತ್ತಿದ್ದಾರೆ. ಕೆಲಸವೇ ಸಿಗದಿದ್ದರೆ ಹೊಸಬರು ಕಲಿಯುವುದಾದರೂ ಯಾಕೆ?

ಜೀರ್ಣೋದ್ಧಾರದಿಂದ ಹುಟ್ಟುವ ಪ್ರಶ್ನೆ

ಕೆಡವುವುದರ ಪರವಾಗಿ ಇನ್ನೊಂದು ವಾದ ನಮ್ಮ ಪದ್ಧತಿಯಿಂದಲೇ ಬರುತ್ತದೆ. ನಾವು ಹಳೆಯದನ್ನು ಗಾಜಿನೊಳಗೆ ಇಟ್ಟವರಲ್ಲ. ಊರ ದೇವಸ್ಥಾನ, ಭೂತಸ್ಥಾನ, ತರವಾಡು ಮನೆ, ಎಲ್ಲವೂ ಜೀರ್ಣೋದ್ಧಾರ ಆಗುತ್ತಲೇ ಬಂದಿವೆ. ಮರ ಬದಲಾಗುತ್ತದೆ, ಮಾಡು ಬದಲಾಗುತ್ತದೆ, ಬ್ರಹ್ಮಕಲಶ ಆಗುತ್ತದೆ. ಹಾಗಿರುವಾಗ ಸಿಮೆಂಟಿನ ಕಟ್ಟಡಕ್ಕೆ ಯಾಕೆ ಇಷ್ಟು ಮರುಕ?

ವಾದ ಗಟ್ಟಿಯಾಗಿದೆ. ಆದರೆ ಜೀರ್ಣೋದ್ಧಾರದಲ್ಲಿ ಏನು ಉಳಿಯುತ್ತದೆ ಅಂತ ನೋಡಬೇಕು. ಆಯ, ಅಳತೆ, ದಿಕ್ಕು ಉಳಿಯುತ್ತದೆ. ಆಚಾರಿಯ ವಿದ್ಯೆ ಉಳಿಯುತ್ತದೆ. ಅಪ್ಪ ಕೆತ್ತಿದ್ದನ್ನು ಮಗ ಮತ್ತೆ ಕೆತ್ತುತ್ತಾನೆ. ಮರ ಹೋದರೂ ಮರದ ಕೆಲಸ ಹೋಗುವುದಿಲ್ಲ. ಪ್ರಗತಿ ಮೈದಾನದಲ್ಲಿ ಆದದ್ದು ಹೀಗಲ್ಲ. ಅಲ್ಲಿ ಕಟ್ಟಡದ ಜೊತೆ ಅದನ್ನು ಕಟ್ಟಿದ ಬಗೆಯೂ ಹೋಯಿತು. ಹೊಸದಕ್ಕೂ ಹಳೆಯದಕ್ಕೂ ನಂಟಿಲ್ಲ. ಎಸಿ ಇಲ್ಲದೆ ಕೋಣೆ ತಂಪಾಗಿಡುವ ಜಾಲಿ ಗೋಡೆ ಬಿದ್ದ ಜಾಗದಲ್ಲಿ ಎಸಿ ಇಲ್ಲದೆ ಕೂರಲಾಗದ ಗಾಜಿನ ಕಟ್ಟಡ ಎದ್ದರೆ ಅದನ್ನು ಜೀರ್ಣೋದ್ಧಾರ ಅನ್ನಲು ಬರುವುದಿಲ್ಲ.

ಮುಂದೆ ಏನಾಗಬಹುದು

ಸದ್ಯದ ಕಾನೂನು ಹೀಗೆಯೇ ಇದ್ದರೆ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ 1970ರಿಂದ 90ರ ನಡುವಿನ ಕಟ್ಟಡಗಳು ದೊಡ್ಡ ಸಂಖ್ಯೆಯಲ್ಲಿ ಹೋಗುತ್ತವೆ. ದೊಡ್ಡ ಹೆಸರಿನವರು ಕಟ್ಟಿದವುಗಳಿಗೆ ಅರ್ಜಿ, ಸಹಿ ಸಂಗ್ರಹ ನಡೆದು ಕೆಲವು ಉಳಿಯಬಹುದು. ಹೆಸರಿಲ್ಲದ ಮೇಸ್ತ್ರಿ, ಹೆಸರಿಲ್ಲದ ಸರಕಾರಿ ಎಂಜಿನಿಯರ್ ಚೆನ್ನಾಗಿ ಕಟ್ಟಿದ ಶಾಲೆ, ವಾಚನಾಲಯ, ಪಂಚಾಯತು ಕಟ್ಟಡಗಳಿಗೆ ಆ ಬಲವಿಲ್ಲ. ಗಡಿನಾಡಿನಲ್ಲಿ ಹೆಚ್ಚಾಗಿ ಇರುವುದು ಇಂಥವೇ.

ಕೆಡವಿದ ಕೂಡಲೇ ಕಾಣುವ ಪರಿಣಾಮ ಖರ್ಚು. ಹೊಸ ಕಟ್ಟಡಕ್ಕೆ ಮತ್ತೆ ಸಿಮೆಂಟು, ಮತ್ತೆ ಮರಳು, ಮತ್ತೆ ಕಲ್ಲಿನ ಕೋರೆ. ಗುಡ್ಡ ಕೊರೆದರೆ ಮಳೆಗಾಲದಲ್ಲಿ ಏನಾಗುತ್ತದೆ ಅಂತ ಹೆದ್ದಾರಿ ಕೆಲಸದಲ್ಲಿ ಚೆರುವತ್ತೂರಿನ ಕಡೆಯವರು ನೋಡಿದ್ದಾರೆ. ನಿಂತಿರುವ ಗೋಡೆಯಲ್ಲಿ ಈಗಾಗಲೇ ಸುರಿದ ಶ್ರಮ, ಇಂಧನ ಎರಡೂ ಇದೆ. ಸ್ಲ್ಯಾಬು ಮಾತ್ರ ಹಾಳಾಗಿದ್ದರೆ ಗೋಡೆ ಉಳಿಸಿಕೊಂಡು ಚಾವಣಿ ಬದಲಿಸುವುದು ಕೆಂಪುಕಲ್ಲಿನ ಕಟ್ಟಡಗಳಲ್ಲಿ ಆಗುವ ಕೆಲಸ. ಯಾಕೆಂದರೆ ಅಲ್ಲಿ ಭಾರ ಹೊರುವುದು ಗೋಡೆ, ಮತ್ತು ಗೋಡೆಯೊಳಗೆ ತುಕ್ಕು ಹಿಡಿಯಲು ಸರಳಿಲ್ಲ.

ಆದ್ದರಿಂದ ಸಾರ್ವಜನಿಕ ಕಟ್ಟಡವೊಂದನ್ನು ಕೆಡವುವ ನೋಟಿಸು ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಭಾಗ ಹಾಳಾಗಿದೆ ಎಂಬುದು. ಕಾಂಕ್ರೀಟಿನ ಬಲವನ್ನು, ಸರಳಿನ ತುಕ್ಕನ್ನು ಅಳೆಯುವ ಪರೀಕ್ಷೆಗಳಿವೆ. ಅವು ಆಗಿವೆಯೇ? ದುರಸ್ತಿಯ ಖರ್ಚು ಎಷ್ಟು ಅಂತ ಲೆಕ್ಕ ಹಾಕಿದ್ದಾರೆಯೇ? ಕಾಸರಗೋಡಿನ ಕನ್ನಡಿಗರು ಇದನ್ನು ಕನ್ನಡದಲ್ಲಿಯೇ ಬರೆದು ಕೇಳಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ.

ಇಷ್ಟಾಗಿಯೂ ಕೆಲವು ಕಟ್ಟಡ ಹೋಗಲೇಬೇಕಾಗುತ್ತದೆ. ಆಗ ಬೇಕಾಗುವುದು ನಕಾಶೆ. ಹಾಲ್ ಆಫ್ ನೇಷನ್ಸ್ ಬಿದ್ದ ಐದು ವರ್ಷಕ್ಕೆ, 2022ರಲ್ಲಿ, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ದಕ್ಷಿಣ ಏಷ್ಯಾದ ವಾಸ್ತುಶಿಲ್ಪದ ಪ್ರದರ್ಶನದಲ್ಲಿ ಅದನ್ನು ಜನರಿಗೆ ತೋರಿಸಿತು. ದಾಖಲೆ ಉಳಿದಿದ್ದರಿಂದ ಅದು ಸಾಧ್ಯವಾಯಿತು. ನಮ್ಮ ಕಚೇರಿಗಳ ಕಪಾಟಿನಲ್ಲಿ ಸುರುಳಿ ಸುತ್ತಿಟ್ಟ ನಕಾಶೆಗಳನ್ನು ಈ ಮಳೆಗಾಲದ ಮೊದಲೇ ಬಿಚ್ಚಿ ನೋಡಬೇಕು. ಗೆದ್ದಲು ತಿನ್ನದೆ ಉಳಿದವನ್ನು ಸ್ಕ್ಯಾನ್ ಮಾಡಲು ಒಂದು ಮಧ್ಯಾಹ್ನ ಸಾಕು.